ಕಾಶಮ್ಮನವರ ಸಹಿ

ವಿರೂಪಾಕ್ಷ ಅವರ ಸೈಕಲ್ಲಿಗೆ ಮೂರು ಬೀಗ. ಹಿಂದಿನ ಚಕ್ರಕ್ಕೊಂದು, ಮುಂದಿನದಕ್ಕೊಂದು, ಎರಡನ್ನೂ ಕಂಬಕ್ಕೆ ಬಿಗಿಯುವ ಸರಪಳಿಗೆ ಮತ್ತೊಂದು. ಸೈಕಲ್ಲಾದರೂ ಎಂಥದ್ದು? ಗುಜರಿಗೆ ಹಾಕಿದರೆ ಗುಜರಿಯವನೂ ಮುಖ ಕಿವುಚಬೇಕು. ನಾನು ನಕ್ಕರೆ, "ಕದಿಯಾವ್ರು ಚಲೋದು ಕೆಟ್ಟದ್ದು ನೋಡೂದಿಲ್ರಿ" ಅನ್ನುತ್ತಿದ್ದರು.

ಅವರನ್ನು ನಾನು ಮೊದಲು ಕಂಡದ್ದು 2004ರಲ್ಲಿ, ಅರಸೀಕೆರೆಯಿಂದ ಡಚ್ಚರ ದೇಶದ ಡೆಲ್ಫ್ಟ್‌ಗೆ ಓದಲು ಬಂದ ಹೊಸತರಲ್ಲಿ. ಅವರು ಗುಳೇದಗುಡ್ಡದವರು. ಬಂದರುಗಳ ಹೂಳೆತ್ತುವ ಕಂಪನಿಯೊಂದರಲ್ಲಿ ಎಂಜಿನಿಯರ್. ನನಗಿಂತ ನಾಲ್ಕು ವರ್ಷ ಮೊದಲೇ ಬಂದು, ಹೆಂಡತಿ ಕಾಶಮ್ಮನವರೊಡನೆ ಹತ್ತಿರದ ವೂರ್‌ಬರ್ಗಿನಲ್ಲಿ ಮನೆ ಮಾಡಿದ್ದರು. ಊಟಕ್ಕೆ ಗತಿಯಿಲ್ಲದ ವಿದ್ಯಾರ್ಥಿಗಳಿಗೆಲ್ಲ ಅವರ ಮನೆಯೇ ಭಾನುವಾರದ ಛತ್ರ. ಕಾಶಮ್ಮನವರ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತಿಂದು ನಾನು ಬದುಕಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಆ ಮನೆಯ ಉಪ್ಪಿನ ಋಣ ತೀರಿಸಿದ ರೀತಿ ನನಗೇ ಮೆಚ್ಚುಗೆಯಾಗಿಲ್ಲ.

ವಿರೂಪಾಕ್ಷ ನೇರ ಮನುಷ್ಯ. ಯಾರಿಗೂ ಒಂದು ಸುಳ್ಳು ಹೇಳಿದವರಲ್ಲ. ಆದರೆ ಉಳಿದವರೆಲ್ಲ ತಮಗೆ ಹೇಳುತ್ತಿದ್ದಾರೆ ಎಂದು ಅವರ ಗಟ್ಟಿ ನಂಬಿಕೆ. ತೆರಿಗೆ ಇಲಾಖೆಯ ನೀಲಿ ಲಕೋಟೆ ಬಂದರೆ ಒಡೆಯುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಅಂಗಡಿಯಿಂದ ತಂದ ಈರುಳ್ಳಿಯನ್ನು ಮನೆಯ ತಕ್ಕಡಿಯಲ್ಲಿ ಮತ್ತೆ ತೂಗುವರು. ಪ್ರತಿ ಕಾಗದಕ್ಕೂ ಎರಡು ನಕಲು, ಎರಡು ಬೇರೆ ಕಪಾಟಿನಲ್ಲಿ.

2006ರಲ್ಲಿ ಅವರಿಗೆ ನಗರಸಭೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂತು. ಇಲ್ಲಿ ಐದು ವರ್ಷ ನೆಲೆಸಿದವರಿಗೆ ಅದು ಸಿಗುತ್ತದೆ. ಆಗ ಮತಗಟ್ಟೆಯಲ್ಲಿ ಯಂತ್ರವಿತ್ತು. ಮತ ಹಾಕಿ ಬಂದವರು, "ಗುಂಡಿ ಒತ್ತಿದೆ. ಒಳಗ ಏನಾತು ಯಾರಿಗ್ಗೊತ್ತು?" ಎಂದು ವಾರಗಟ್ಟಲೆ ಗೊಣಗಿದರು. ಎಲ್ಲರೂ ನಕ್ಕೆವು. ಎರಡು ವರ್ಷ ತುಂಬುವುದರೊಳಗೆ ಸರ್ಕಾರವೇ ಯಂತ್ರಗಳನ್ನು ನಂಬಲಾಗದೆಂದು ಕೈಬಿಟ್ಟು, ಕಾಗದಕ್ಕೂ ಕೆಂಪು ಪೆನ್ಸಿಲ್ಲಿಗೂ ಮರಳಿತು. ಆ ಸುದ್ದಿಯ ತುಣುಕಿಗೆ ಪ್ಲಾಸ್ಟಿಕ್ ಹೊದಿಸಿ ಅವರು ಹಜಾರದ ಗೋಡೆಗೆ ತೂಗುಹಾಕಿದರು. ಸಂಶಯ ಸುಳ್ಳಾದರೆ ಮನುಷ್ಯ ತಿದ್ದಿಕೊಂಡಾನು. ಒಂದು ಸಲ ನಿಜವಾಯಿತೋ, ಅವನನ್ನು ಹಿಡಿಯುವವರಿಲ್ಲ.

2007ರಲ್ಲಿ ನಮ್ಮ ಕನ್ನಡ ಕೂಟ ಹುಟ್ಟಿತು. ಪರದೇಶದಲ್ಲಿ ಕನ್ನಡಿಗರು ಇಬ್ಬರು ಸೇರಿದರೆ ಒಂದು ಸಂಘ, ಮೂವರು ಸೇರಿದರೆ ಎರಡು ಅನ್ನುತ್ತಾರೆ. ನಾವು ಅರವತ್ತು ಮಂದಿ ಒಂದೇ ಸಂಘದಲ್ಲಿ ಇದ್ದೆವೆಂದರೆ ಅದು ವಿರೂಪಾಕ್ಷ ಅವರ ಶ್ರಮವೇ. ಅಧ್ಯಕ್ಷರೂ ಅವರೇ, ನಿಯಮಾವಳಿ ಬರೆದವರೂ ಅವರೇ. ಎರಡು ವರ್ಷಕ್ಕೊಮ್ಮೆ ಚುನಾವಣೆ. ಬರಲಾಗದ ಸದಸ್ಯರು ತಮ್ಮ ಮತ ಇಂಥವರು ಹಾಕಲಿ ಎಂದು ಬರೆದು, ಸ್ವಂತ ಕೈಯಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಕಳಿಸಬೇಕು. "ಸ್ವಂತ ಕೈಯಿಂದ" ಎಂಬುದರ ಕೆಳಗೆ ಅವರೇ ಗೆರೆ ಎಳೆದಿದ್ದರು.

2007, 2009, 2011, ಮೂರು ಸಲವೂ ಅವರೇ ಗೆದ್ದರು. 2011ರಲ್ಲಂತೂ ತಿಮ್ಮಯ್ಯ ಎಂಬವರ ಎದುರು ಒಂದೇ ಮತದ ಅಂತರ. ಆಗ ನಾನು ಕಾರ್ಯದರ್ಶಿ. ಕಾಶಮ್ಮನವರು ಸಭೆಗೆ ಬರುತ್ತಿರಲಿಲ್ಲ. ಸಭೆಯ ನಂತರದ ಊಟಕ್ಕೆ ರೊಟ್ಟಿ ಬಡಿಯುತ್ತ ಮನೆಯಲ್ಲಿರುತ್ತಿದ್ದರು. ಅವರ ಒಪ್ಪಿಗೆ ಪತ್ರ ಗಂಡನ ಜೇಬಿನಲ್ಲಿ ಬರುತ್ತಿತ್ತು, ಇಂಗ್ಲಿಷಿನಲ್ಲಿ ಠೀವಿಯಿಂದ ಓರೆಯಾದ ಸಹಿಯೊಡನೆ.

2013ರ ಜನವರಿಯ ಚುನಾವಣೆಗೆ ಅರವಿಂದ ನಿಂತ. ಬೆಂಗಳೂರಿನ ಹುಡುಗ, ಆಮ್ಸ್ಟರ್‌ಡ್ಯಾಮಿನಲ್ಲಿ ಬ್ಯಾಂಕ್ ಕೆಲಸ, ಮಾತಿನಲ್ಲಿ ಮುಕ್ಕಾಲು ಇಂಗ್ಲಿಷು. ಅಂದು ಕಾಶಮ್ಮನವರಿಗೆ ಮೊಣಕಾಲು ನೋವೆಂದು ರೊಟ್ಟಿಯೂ ಇರಲಿಲ್ಲ. ವಿರೂಪಾಕ್ಷ ಎಂದಿನಂತೆ ತಮ್ಮ ಮತಚೀಟಿ, ಹೆಂಡತಿಯ ಒಪ್ಪಿಗೆ ಪತ್ರ ಎರಡನ್ನೂ ಹಿಡಿದು ಮೇಜಿನ ಹತ್ತಿರ ಬಂದರು. ಪಟ್ಟಿ ನೋಡುತ್ತಿದ್ದ ಹಿರಿಯರಾದ ತ್ಯಾಗರಾಜರು ಕನ್ನಡಕ ಸರಿಮಾಡಿಕೊಂಡು, ಕಾಶಮ್ಮನವರ ಪತ್ರ ಆಗಲೇ ಬಂದಿದೆ ಎಂದರು. ತಂದವಳು ಧನುಶ್ರೀ, ಡೆಲ್ಫ್ಟ್‌ನ ಸಂಶೋಧನಾ ವಿದ್ಯಾರ್ಥಿನಿ, ಅರವಿಂದನ ಪರ ಮನೆಮನೆ ತಿರುಗಿದವಳು. ಆ ಪತ್ರದ ಕೆಳಗೆ "ಕಾಶಮ್ಮ" ಎಂದು ಕನ್ನಡದಲ್ಲಿ ದುಂಡಗೆ ಬರೆದಿತ್ತು. ಆಂಟಿಯೇ ಕೊಟ್ಟರು ಎಂದು ಹುಡುಗಿ ಹೇಳಿದಳು. ಮೊದಲು ಬಂದ ಪತ್ರವೇ ಸಿಂಧು ಎಂದು ತ್ಯಾಗರಾಜರು ತೀರ್ಪಿತ್ತರು. ಅದೂ ವಿರೂಪಾಕ್ಷ ಬರೆದ ನಿಯಮವೇ. ಎಣಿಕೆ ಮುಗಿದಾಗ ಅರವಿಂದನಿಗೆ ಮೂವತ್ತೆರಡು, ಇವರಿಗೆ ಮೂವತ್ತೊಂದು. ಆ ಒಂದು ಪತ್ರ ಇತ್ತ ಬಂದಿದ್ದರೆ ಲೆಕ್ಕ ತಿರುಗುಮುರುಗು.

ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರಾಯಿತಲ್ಲ ಎಂದು ನೀವು ಹೇಳುತ್ತೀರಿ. ಅವರು ಮನೆಗೆ ಹೋಗಿ ಹೇಳಿದರು, ಕೇಳಲಿಲ್ಲ. ನಿನ್ನ ಸಹಿಯನ್ನೇ ಫೋರ್ಜರಿ ಮಾಡಿದ್ದಾರೆ, ಬಿಡುವುದಿಲ್ಲ ಎಂದರು. ಕಾಶಮ್ಮನವರು, "ಹೋಗ್ಲಿ ಬಿಡ್ರಿ, ಕೋರ್ಟು ಗೀರ್ಟು ಯಾಕ" ಎಂದರಂತೆ. ಅದು ಗಂಡನಿಗೆ ಹೆಂಗಸಿನ ಪುಕ್ಕಲುತನವಾಗಿ ಕೇಳಿಸಿತು.

ಮುಂದಿನ ಒಂಬತ್ತು ತಿಂಗಳು ಆ ಮನೆಯ ಹಜಾರ ಪೊಲೀಸ್ ಠಾಣೆಯಾಯಿತು. ಗೋಡೆಯ ಮೇಲೆ ಅರವತ್ತಮೂರು ಹೆಸರಿನ ದೊಡ್ಡ ಹಾಳೆ: ಯಾರು ಯಾರ ಕಾರಿನಲ್ಲಿ ಬಂದರು, ಯಾರು ಯಾರ ಪಕ್ಕ ಕೂತರು, ಯಾರು ಚಹಾ ಕುಡಿಯದೆ ಹೊರಟರು. ತ್ಯಾಗರಾಜರು ಕನ್ನಡಕ ಸರಿಮಾಡಿಕೊಂಡದ್ದು ಸಂಕೇತವಿರಬಹುದು. ಅರವಿಂದ ಎಣಿಕೆಗೆ ಮೊದಲೇ ನಕ್ಕಿದ್ದ, ಹಾಗಾದರೆ ಅವನಿಗೆ ಮೊದಲೇ ಗೊತ್ತಿತ್ತು. ನಾನು ಆ ಸಲ ಯಾವ ಹುದ್ದೆಗೂ ನಿಲ್ಲದೆ ಹಿಂದೆ ಸರಿದದ್ದೇಕೆ ಎಂಬ ಪ್ರಶ್ನೆಚಿಹ್ನೆ ನನ್ನ ಹೆಸರಿನ ಮುಂದೆಯೂ ಇತ್ತು. ನಾನು ಅದನ್ನು ಕಂಡೆನೆಂದು ಅವರು ಕಂಡರು. ಇಬ್ಬರೂ ಹವಾಮಾನದ ಮಾತಾಡಿದೆವು.

ಇದು ಅಂಟುರೋಗ. ದಿನಸಿ ಅಂಗಡಿಯಲ್ಲಿ ಎದುರಾದವರು ಮುಖ ತಿರುಗಿಸತೊಡಗಿದರು. ಯುಗಾದಿ ಎರಡು ಕಡೆ ನಡೆಯಿತು. ಅರವಿಂದ ನನಗೆ ಫೋನ್ ಮಾಡಿ, "ಮೇಡಂ, ನಾನ್ ಯಾರ್ ಸೈನೂ ಫೇಕ್ ಮಾಡಿಲ್ಲ, ಪ್ರಾಮಿಸ್, ಬಟ್ ಧನುಶ್ರೀ ಏನಾದ್ರೂ ಮಾಡಿದಾಳಾ ಅಂತ ನಂಗೇ ಡೌಟು" ಎಂದ. ತನ್ನ ಪರ ದುಡಿದವಳನ್ನೇ ನಂಬದ ಸ್ಥಿತಿ. ಆ ಹುಡುಗಿ ಮಾತ್ರ ಒಂದೇ ಮಾತು ಹಿಡಿದು ಕೂತಿದ್ದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ದೇಶದಲ್ಲಿ ವ್ಯಾಜ್ಯದ ಖರ್ಚಿಗೂ ವಿಮೆ ಇರುತ್ತದೆ. ವಿರೂಪಾಕ್ಷ ಬಂದ ವರ್ಷವೇ ಮಾಡಿಸಿಟ್ಟಿದ್ದರು. ಯಾರಾದರೂ ಒಂದು ದಿನ ಮೋಸ ಮಾಡಿಯೇ ಮಾಡುತ್ತಾರೆಂದು ಅವರಿಗೆ ಗೊತ್ತಿತ್ತಲ್ಲ. ವಿಮೆಯವರು ಕೊಟ್ಟ ವಕೀಲೆ, ಚುನಾವಣೆಯನ್ನು ರದ್ದುಮಾಡುವಂತೆ ಹೇಗ್‌ನ ನ್ಯಾಯಾಲಯಕ್ಕೆ ದಾವೆ ಹಾಕಿದಳು. ಹೋಲಿಸಲು ಹಳೆಯ ಸಹಿ ಬೇಕೆಂದಳು. ಅದಕ್ಕೇನು ಬರ? ಎರಡು ಕಪಾಟುಗಳಲ್ಲಿ 2007, 2009, 2011ರ ಮೂರೂ ಒಪ್ಪಿಗೆ ಪತ್ರಗಳಿದ್ದವು. ಮೂರರ ಸಹಿಯೂ ಒಂದೇ ಅಚ್ಚು, ಹೊಸದು ಬೇರೆ. ಕುರುಡನಿಗೂ ಕಾಣುವಂತಿದೆ ಎಂದು ವಕೀಲೆ ಖುಷಿಪಟ್ಟಳು.

ಧನುಶ್ರೀಯ ಮಾತು ನಿಜವೋ ಸುಳ್ಳೋ ತಿಳಿಯಲು ನ್ಯಾಯಾಲಯ ಕಾಶಮ್ಮನವರನ್ನೇ ಸಾಕ್ಷಿಗೆ ಕರೆಯಿತು. ಕನ್ನಡದ ದುಭಾಷಿ ಸುಲಭಕ್ಕೆ ಸಿಗಲಿಲ್ಲ. ಎರಡೂ ಕಡೆಯವರು ನನ್ನನ್ನು ಒಪ್ಪಿದರು. ಎರಡೂ ಕಡೆಗೆ ನನ್ನ ಮೇಲೆ ಸಮ ಸಂಶಯವಿದ್ದುದರಿಂದ ಇರಬೇಕು. ಹಿಂದಿನ ದಿನ ವಿರೂಪಾಕ್ಷ ನನ್ನೆದುರೇ ಹೆಂಡತಿಗೆ ಪಾಠ ಹೇಳಿಕೊಟ್ಟರು: ನ್ಯಾಯಾಧೀಶೆ ಕಾಗದ ತೋರಿಸುತ್ತಾಳೆ, ಇದು ನನ್ನ ಸಹಿ ಅಲ್ಲ ಅನ್ನು, ಅಷ್ಟೇ. ಕಾಶಮ್ಮನವರು ಒಗೆದ ಬಟ್ಟೆ ಮಡಚುತ್ತ ತಲೆಯಾಡಿಸಿದರು. ನನ್ನನ್ನೊಮ್ಮೆ ನೋಡಿದರು. ನಾನು ನೆಲ ನೋಡಿದೆ.

ಅಕ್ಟೋಬರಿನ ಒಂದು ಬೆಳಿಗ್ಗೆ. ಸಣ್ಣ ಕೋಣೆ, ಬೂದು ನೆಲಹಾಸು, ನೀರಿನ ಹೂಜಿ. ಕಾಶಮ್ಮನವರು ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಬಂದು ಕೂತರು. ಸತ್ಯವನ್ನೇ ಹೇಳುವುದಾಗಿ ಅವರು ಪ್ರಮಾಣ ಮಾಡಿದರು, ಹಾಗೆಯೇ ತರ್ಜುಮೆ ಮಾಡುವುದಾಗಿ ನಾನೂ ಮಾಡಿದೆ. ನ್ಯಾಯಾಧೀಶೆ ಶಿಸ್ತಿನವಳು. ಜಗಳದ ಕಾಗದ ಪಕ್ಕಕ್ಕಿಟ್ಟು, ಮೊದಲು ಹಳೆಯ ಮೂರನ್ನೂ ಮುಂದಿಟ್ಟಳು. ಇವು ನಿಮ್ಮ ಸಹಿಯೇ ಎಂದು ಖಚಿತಪಡಿಸಿಕೊಳ್ಳಬೇಕಿತ್ತು, ಬರೀ ಔಪಚಾರಿಕವಾಗಿ.

ಕಾಶಮ್ಮನವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. "ಇವು ನನ್ನ ಸಹಿ ಅಲ್ರಿ" ಎಂದರು.

ವಿರೂಪಾಕ್ಷ ಮೆಚ್ಚಿ ತಲೆಯಾಡಿಸಿದರು. ಹೇಳಿಕೊಟ್ಟ ಮಾತು ಹೇಳಿಕೊಟ್ಟಂತೆಯೇ ಬಂದಿತ್ತು. ಯಾವ ಕಾಗದದ ಮೇಲೆ ಬೆರಳಿದೆ ಎಂದು ಅವರು ಕಂಡದ್ದು ಆಮೇಲೆ.

ನ್ಯಾಯಾಧೀಶೆ ನಾಲ್ಕನೆಯದನ್ನು ಇಟ್ಟಳು. "ಇದು ನಂದು," ಎಂದರು ಕಾಶಮ್ಮ, "ಧನುಶ್ರೀ ಕೈಯಾಗ ನಾನೇ ಕೊಟ್ಟೀನಿ." ಹಾಗಾದರೆ ಆ ಮೂರು ಯಾರವು ಎಂಬ ಪ್ರಶ್ನೆ ಬಂತು. ಅದನ್ನು ಕನ್ನಡಕ್ಕೆ ತಂದೆ. ಅವರು ಗಂಡನ ಹೆಸರು ಹೇಳುವವರಲ್ಲ. ಅವರತ್ತ ಕೈ ತೋರಿಸಿ, "ನಮ್ಮ ಯಜಮಾನ್ರು ಮಾಡ್ಯಾರ್ರಿ. ಎಲ್ಲಾ ಕಾಗದಕ್ಕೂ ಅವರ ಮಾಡ್ತಾರ. ನನ್ನ ಯಾರೂ ಕೇಳೂದಿಲ್ಲ" ಎಂದರು.

ಆ ಮನೆಯ ರೊಟ್ಟಿ ತಿಂದವಳು ನಾನು. ಡಚ್ ಭಾಷೆಯಲ್ಲಿ ಇದನ್ನು ಮೆತ್ತಗೆ ಹೇಳುವ ದಾರಿ ಇದೆಯೇ ಎಂದು ಹುಡುಕಿದೆ, ಇತ್ತು ಕೂಡ. ಆದರೆ ಕಾಶಮ್ಮನವರು ನನ್ನ ಬಾಯನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ವಕೀಲೆಯ ಪೆನ್ನು ನಿಂತಿತು. ಅರವಿಂದನ ಕಡೆಯ ವಕೀಲ ಏನೋ ಹೇಳಲು ಎದ್ದು, ಅಗತ್ಯವಿಲ್ಲವೆಂದು ಕೂತ.

ಖಾತ್ರಿಗಾಗಿ ನ್ಯಾಯಾಧೀಶೆ ಒಂದು ಖಾಲಿ ಹಾಳೆ ಕೊಟ್ಟು, ಇಲ್ಲೇ ಸಹಿ ಮಾಡಿ ಎಂದಳು. ಹಾಳೆ ಹೆಂಡತಿಯತ್ತ ಬಂದದ್ದೇ ತಡ, ವಿರೂಪಾಕ್ಷ ಅವರ ಕೈ ಜೇಬಿನ ಪೆನ್ನಿಗೆ ಹೋಯಿತು. ಅರ್ಧಕ್ಕೆ ಎದ್ದೂಬಿಟ್ಟಿದ್ದರು. ಆಮೇಲೆ ಎಲ್ಲರೂ ತಮ್ಮನ್ನೇ ನೋಡುವುದು ಕಂಡು ಕೂತರು. ಪೆನ್ನನ್ನು ಮಾತ್ರ ಒಳಗಿಡಲಿಲ್ಲ, ಹೆಂಡತಿಯ ಮುಂದಿಟ್ಟರು. ಕಾಶಮ್ಮನವರು ದುಂಡಗೆ, ಅವಸರವಿಲ್ಲದೆ ಬರೆದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ಸಹಿ ಮಾಡುವುದನ್ನು ಅವರ ಗಂಡ ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ದುಭಾಷಿ ಅಳಬಾರದು.

ದಾವೆ ಅಲ್ಲಿಗೇ ಮುಗಿಯಿತು. ಹಿಂದಿನ ಮೂರು ಚುನಾವಣೆಗಳು ನನ್ನ ಮುಂದಿಲ್ಲ ಎಂದಷ್ಟೇ ನ್ಯಾಯಾಧೀಶೆ ಹೇಳಿದಳು. ಆದರೆ 2011ರ ಆ ಒಂದು ಮತ ಎಲ್ಲರ ತಲೆಯಲ್ಲೂ ಸುಳಿಯಿತು. ಊರಿನ ಕಳ್ಳರನ್ನೆಲ್ಲ ಒಂಬತ್ತು ತಿಂಗಳು ಹುಡುಕಿದ ಮನುಷ್ಯನಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ. ಅವರು ಮೋಸ ಮಾಡಬೇಕೆಂದು ಮಾಡಿದವರಲ್ಲ, ಇದನ್ನು ನಾನು ಇಂದೂ ನಂಬುತ್ತೇನೆ. ಹೆಂಡತಿಯ ಕೈ ಬೇರೆ, ತಮ್ಮ ಕೈ ಬೇರೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ವೂರ್‌ಬರ್ಗಿಗೆ ಮರಳುವ ಟ್ರಾಮಿನಲ್ಲಿ ಮೂವರೂ ಎದುರುಬದುರು ಕೂತೆವು. ಎರಡು ನಿಲ್ದಾಣ ಕಳೆದ ಮೇಲೆ ವಿರೂಪಾಕ್ಷ, "ಅರವಿಂದಗ ಯಾಕ?" ಎಂದು ಕೇಳಿದರು.

"ಅಂವ ಊಟ ಹೊರಗಿಂದ ತರಸ್ತೀನಿ ಅಂದಾನ್ರಿ," ಎಂದರು ಕಾಶಮ್ಮ. "ಆರು ವರ್ಷ ಹಬ್ಬಕ್ಕೂ ಮೀಟಿಂಗಿಗೂ ಅರವತ್ತು ಮಂದಿಗೆ ರೊಟ್ಟಿ ಬಡದೀನಿ. ಆಗ್ತದೇನು ಅಂತ ಒಬ್ಬರೂ ಕೇಳಲಿಲ್ಲ. ಅಂವ ಫೋನ್ ಮಾಡಿ ಕೇಳಿದ."

ವಿರೂಪಾಕ್ಷ ಕಿಟಕಿಯತ್ತ ತಿರುಗಿದರು. ಆಮೇಲೆ ನನ್ನತ್ತ. "ಸಹಿ ನಾನೇ ಮಾಡ್ತಿದ್ದೆ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು, ಸರ್. 2011ರಲ್ಲಿ ಪತ್ರ ಜೋಡಿಸಿದ್ದು ನಾನೇ ಅಲ್ವಾ. ನಿಮ್ಮ ಸಹಿ, ಅವರ ಸಹಿ, ಎರಡೂ ಒಂದೇ ಪೆನ್ನು, ಒಂದೇ ಕೈ. ಸುಮಾರು ಮನೆಗಳದ್ದು ಹಾಗೇ ಇತ್ತು. ಎಲ್ಲಾರ್ಗೂ ಗೊತ್ತಿತ್ತು."

ಅವರು ಯಾರನ್ನೆಲ್ಲ ಯಾವುದಕ್ಕೆಲ್ಲ ಸಂಶಯಿಸಿದ್ದರು! ಇದೊಂದನ್ನು ಬಿಟ್ಟು.

2014ರ ಮಾರ್ಚಿನಲ್ಲಿ ಮತ್ತೆ ನಗರಸಭೆಯ ಚುನಾವಣೆ ಬಂತು. ನಾನು ಹಿಂದಿನ ಸಲದಂತೆಯೇ ಮತಗಟ್ಟೆಯ ಸ್ವಯಂಸೇವಕಿ. ಈ ದೇಶದ ಕಾನೂನಿನಲ್ಲೂ ಒಬ್ಬರ ಮತವನ್ನು ಇನ್ನೊಬ್ಬರು ಹಾಕಬಹುದು, ಸಹಿಯೊಂದಿದ್ದರೆ. 2010ರಲ್ಲಿ ವಿರೂಪಾಕ್ಷ ಎರಡು ಚೀಟಿ ತಂದು ಎರಡು ಮತ ಹಾಕಿದ್ದರು. ಈ ಸಲ ಒಂದೇ ತಂದರು. ಇನ್ನೊಂದು ಎಂದು ಅಭ್ಯಾಸಬಲದಿಂದ ನಾನು ಕೈ ಚಾಚಿದೆ. "ಆಕಿ ಬರ್ತಾಳ" ಎಂದು ಹೇಳಿ, ತಮ್ಮ ಮತ ಹಾಕಿ, ಹೊರಗೆ ಗಾಳಿಯಲ್ಲಿ ನಿಂತರು.

ಕಾಶಮ್ಮನವರು ಸಂಜೆಯ ಹೊತ್ತಿಗೆ ಕುಂಟುತ್ತ ಬಂದರು. ಕೆಂಪು ಪೆನ್ಸಿಲ್ ಹಿಡಿದು ಮರೆಯ ಹಿಂದೆ ಹೋದವರು ಹತ್ತು ನಿಮಿಷವಾದರೂ ಹೊರಬರಲಿಲ್ಲ. ವಿರೂಪಾಕ್ಷ ಬಾಗಿಲ ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದರು. ಹೆಂಡತಿ ಹೊರಬಂದಾಗ ಯಾರಿಗೆ ಹಾಕಿದೆ ಎಂದು ಕೇಳಲು ಬಾಯಿ ತೆರೆದರು, ಮುಚ್ಚಿಕೊಂಡರು. ಕಾಲು ನೋಯುತ್ತಿದೆಯೇ ಎಂದು ಕೇಳಿದರು. ನೋಯುತ್ತಿದೆ ಎಂದರು ಕಾಶಮ್ಮ. ಅವರು ಸೈಕಲ್ಲಿನ ಮೂರೂ ಬೀಗ ತೆಗೆದು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತಳ್ಳುತ್ತ ಹೊರಟರು. ತಿರುವಿನವರೆಗೂ ನೋಡಿದೆ. ನಾಲ್ಕು ಸಲ ಹಿಂದೆ ತಿರುಗಿ ಆಕೆಯ ಮುಖ ಪರೀಕ್ಷಿಸಿದರು.