ಅಕ್ಕನ ತಲೆಯೊಳಗಿನ ತಾಳ

ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದ ಅಕ್ಕ ಮಾತು ಅರ್ಧಕ್ಕೇ ನಿಲ್ಲಿಸಿದಳು. ಕಣ್ಣು ಮೇಲೆ ಹೋದವು. ನಾನು ಹಿಡಿಯುವಷ್ಟರಲ್ಲಿ ಗಾದಿಯ ಮೇಲೆ ಬಿದ್ದು ಕೈಕಾಲು ಬಡಿಯತೊಡಗಿದಳು. ಯಾರೋ ಮೂಗಿಗೆ ಚಪ್ಪಲಿ ಹಿಡಿದರು. ಕೈಕಾಲುಗಳೆಲ್ಲ ಒಂದೇ ತಾಳಕ್ಕೆ ಎಗರುತ್ತಿದ್ದವು, ಒಳಗೆ ಯಾರೋ ಕುಳಿತು ಎಳೆಯುತ್ತಿದ್ದ ಹಾಗೆ. ಎಚ್ಚರಾದಾಗ ನನ್ನನ್ನು ನೋಡಿ, "ನೀ ಯಾವಾಗ ಬಂದಿ?" ಅಂದಳು. ಮುಂಜಾನೆಯಿಂದ ನಾನು ಅವಳ ಪಕ್ಕದಲ್ಲೇ ಇದ್ದೆ.

ಮರುದಿನ ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದೆ. ಮಿದುಳಿನ ಪರೀಕ್ಷೆಗೆಂದು ತಲೆಗೆ ಅಂಟು ಹಚ್ಚಿ ವಯರು ಕೂಡಿಸುವಾಗ ಅಕ್ಕ ನನ್ನ ಕೈ ಬಿಡಲಿಲ್ಲ.

"ಕರೆಂಟ್ ಕೊಡ್ತಾರೇನ? ಖರೆ ಹೇಳ."

"ಇಲ್ರಿ ಅಕ್ಕಾರ, ನಿಮ್ಮ ತಲಿ ತಾನ ಹುಟ್ಟಸೂ ಕರೆಂಟ್ ನೋಡ್ತೀವಿ, ಅಷ್ಟ," ಅಂದಳು ಯಂತ್ರ ನಡೆಸುವ ಹುಡುಗಿ.

ಪರದೆಯ ಮೇಲೆ ಗೆರೆಗಳು ಒಂದೊಂದು ಒಂದೊಂದು ದಿಕ್ಕಿಗೆ ತೆವಳುತ್ತಿದ್ದವು. ಆಮೇಲೆ ಕಣ್ಣೆದುರು ಒಂದು ದೀಪವನ್ನು ಪಟಪಟನೆ ಮಿನುಗಿಸಿದರು. ಒಮ್ಮೆಲೇ ಎಲ್ಲ ಗೆರೆಗಳೂ ಕೂಡಿಯೇ ಎದ್ದವು, ಕೂಡಿಯೇ ಬಿದ್ದವು. ಅಕ್ಕನ ರೆಪ್ಪೆಗಳು ಅದುರಿದವು. ಹುಡುಗಿ ಗಡಬಡಿಸಿ ದೀಪ ಆರಿಸಿದಳು.

ಡಾಕ್ಟರು ಶಾಂತವಾಗಿಯೇ ಹೇಳಿದರು: "ಮಿದುಳಿನ ಕೋಶಗಳು ಹೆಚ್ಚಾಗಿ ತಮ್ಮ ತಮ್ಮ ಕೆಲಸ ಮಾಡ್ಕೋತ ಇರ್ತಾವ. ಭಾಳ ಕೋಶ ಒಮ್ಮೆಲೇ ಮಿಡಿದ್ರ ಅದು ಫಿಟ್ಸ್. ಆವಾಗ ಸುತ್ತಲೂ ವಿದ್ಯುತ್ ಕ್ಷೇತ್ರ ಹುಟ್ತದ. ಅದು ಬಾಜೂಕಿನ ಕೋಶಗಳನ್ನೂ ಅದೇ ತಾಳಕ್ಕ ಎಳೀಬಹುದು."

"ಒಂದಕ್ಕೊಂದು ಮುಟ್ಟದೇ ಎಳೀತಾವೇನ್ರಿ?" ಅಂದೆ ನಾನು.

"ಹೌದ್ರಿ, ಸ್ವಲ್ಪ ಮಟ್ಟಿಗೆ, ಮುಟ್ಟದೇ. ಅಂಜಬ್ಯಾಡ್ರಿ, ಗುಳಗಿಗೆ ಹತೋಟಿಗೆ ಬರ್ತದ."

ಅಂಜಬೇಡಿ ಅಂದರೆ ಅಂಜಿಕೆ ಹೋಗುತ್ತದೆಯೇ? ಮುಟ್ಟದೆ ಹಬ್ಬುವಂಥದ್ದನ್ನು ನಾನು ಹೇಗೆ ತಡೆಯಲಿ?

ಸಂಜೆ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದ್ದೆ. ಊರು ದಾಟಿದ ಮೇಲೆ ಬೇವಿನ ಮರಗಳ ಸಂದಿಯಿಂದ ಇಳಿಬಿಸಿಲು ಅವಳ ಮುಖದ ಮೇಲೆ ಬೆಳಕು, ನೆರಳು, ಬೆಳಕು, ನೆರಳು ಎಂದು ಬಡಿಯತೊಡಗಿತು. ಥೇಟ್ ಆ ದೀಪದ ಹಾಗೆ. ನಾನು ಚೀರಿ ನನ್ನ ಸೆರಗಿನಿಂದ ಅವಳ ಕಣ್ಣು, ಮುಖ ಮುಚ್ಚಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಏನ ಆತ? ಉಸಿರ ಕಟ್ಟಾಕತ್ತದ, ಬಿಡ," ಅಂದಳು ಅಕ್ಕ.

ಬಿಡಲಿಲ್ಲ. ಮರಗಳ ಸಾಲು ಮುಗಿಯುವವರೆಗೆ ಹಾಗೇ ಹಿಡಿದಿದ್ದೆ.

ಗುಳಿಗೆ ನಾಟಿತು. ಅಕ್ಕ ಮತ್ತೆ ಬಿದ್ದಿಲ್ಲ, ಅಂಗಡಿಗೂ ಹೋಗುತ್ತಾಳೆ. ಆದರೆ ಮಾತಿನ ನಡುವೆ ಅವಳು ಒಂದು ಗಳಿಗೆ ಸುಮ್ಮನಾದರೂ ಸಾಕು, ನನ್ನ ಕೈ ತಾನೇ ಅವಳ ಭುಜ ಹುಡುಕುತ್ತದೆ.