ಬುರ್ಗಿಯ ಬೆಳ್ಳಿ ತಾಲರುಗಳು

ಹೋಯೆನ್‌ರೈಟಿನಲ್ಲಿ ಯಾರನ್ನು ಕೇಳಿದರೂ ಬುರ್ಗಿ ಜಂಭದ ಹೆಂಗಸು ಅನ್ನುತ್ತಾರೆ. ಅನ್ನಲಿ, ಅವರ ಬಾಯಿಗೆ ಬೀಗ ಹಾಕುವುದು ನನ್ನ ಕೆಲಸವಲ್ಲ. ಆದರೆ ವೀಸರ್ ಮನೆಯ ಅಟ್ಟದ ಮೇಲೆ ವರ್ಷಗಟ್ಟಲೆ ಅವಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದವಳು ನಾನು. ಒಂದೇ ಬೋಗುಣಿಗೆ ಚಮಚ ಹಾಕಿ ಹುಳಿ ಕೋಸು ಉಂಡವಳು ನಾನು. ಅವಳ ವಿಷಯ ಹೇಳುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಉರ್ಸಿ ಅನ್ನುವ ನನಗೆ.

ಹುಟ್ಟಿನಿಂದಲೇ ಬುರ್ಗಿ ಕೂಲಿಯವರ ಮಗಳು. ಕಾಲು ನೆಟ್ಟಗೆ ನಿಂತ ಮೇಲೆ ಬಾತುಕೋಳಿ ಕಾದಳು, ಆಮೇಲೆ ಹಂದಿ ಕೊಟ್ಟಿಗೆ, ಆಮೇಲೆ ಹಸು. ಮದುವೆಯಾಗಬೇಕಾದರೆ ಹೊಲ ಬೇಕು, ಮನೆ ಬೇಕು, ಊರಿನ ಹಿರಿಯರ ಒಪ್ಪಿಗೆ ಬೇಕು. ಮಗುವಾಗುವುದಕ್ಕೆ ಇದ್ಯಾವುದೂ ಬೇಡ. ಹಾಗೆ ಆಫ್ರಾ ಹುಟ್ಟಿದಳು. ತಂದೆ ಒಬ್ಬ ಕುದುರೆ ಆಳು, ಮಗು ಅತ್ತ ಸದ್ದು ಕೇಳುವ ಮೊದಲೇ ಬೇರೆ ಸೀಮೆಗೆ ಹೋಗಿಬಿಟ್ಟ. ಆಗ ಕೆಲಸಕ್ಕಿದ್ದ ಮನೆಯವರು ಬುರ್ಗಿಯನ್ನು ಕೂಸಿನ ಸಮೇತ ಹೊರಗೆ ಹಾಕಿದರು.

ಅದು ಫೆಬ್ರವರಿ, ಮೇಣದಬತ್ತಿ ಹಬ್ಬದ ಹೊತ್ತು. ನಮ್ಮಂಥವರಿಗೆ ವರ್ಷ ಶುರುವಾಗುವುದೂ ಮುಗಿಯುವುದೂ ಅವತ್ತೇ. ಹಳೆಯ ಯಜಮಾನ ವರ್ಷದ ಸಂಬಳ ಮೇಜಿನ ಮೇಲೆ ಇಡುತ್ತಾನೆ, ಹೊಸ ಯಜಮಾನ ಒಂದು ಬೆಳ್ಳಿ ನಾಣ್ಯವನ್ನು ಸಂಚಕಾರ ಅಂತ ಮುಂಗಡ ಕೊಟ್ಟು ಕೈ ಹಿಡಿಯುತ್ತಾನೆ. ಆ ನಾಣ್ಯ ಅಂಗೈಗೆ ಬಿತ್ತೋ, ಮುಂದಿನ ಹಬ್ಬದವರೆಗೆ ನೀನು ಅವನ ಆಳು. ಬೇಡವಾದರೆ ಮುಟ್ಟಬಾರದು. ಕೈಗೂಸಿನವಳನ್ನು ಯಾರೂ ಕರೆಯಲಿಲ್ಲ. ವೀಸರ್ ಮನೆಯಲ್ಲಿ ಮಾತ್ರ ಹಾಲು ಕರೆಯುವವಳು ಕೈಕೊಟ್ಟು ಹೋಗಿದ್ದಳು. ಮುದುಕ ವೀಸರ್ ಗೊಣಗುತ್ತಲೇ ಜೇಬಿಗೆ ಕೈ ಹಾಕಿ ದಪ್ಪನೆಯ ಬೆಳ್ಳಿ ತಾಲರ್ ಒಂದನ್ನು ತೆಗೆದು ಮೇಜಿನ ಮೇಲೆ ಎಸೆದ. ಒಂದು ಕಡೆ ಅರಸನ ತಲೆ. ತಿರುವಿದರೆ ಮೇರಿಯಮ್ಮ, ನಮ್ಮ ಬವೇರಿಯಾವನ್ನು ಕಾಯುವವಳು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

ಬುರ್ಗಿ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳಂತೆ. "ಇವಳ ಮಡಿಲಲ್ಲೂ ಕೂಸಿದೆ, ಯಜಮಾನ್ರೇ. ಪಕ್ಕದಲ್ಲಿ ಗಂಡ ಎಲ್ಲೂ ಕಾಣ್ತಾ ಇಲ್ಲ," ಅಂದಳಂತೆ.

ವೀಸರ್ ಶಿಲುಬೆ ಗುರುತು ಹಾಕಿಕೊಂಡು, "ಬಾಯಿ ಮುಚ್ಕೊಂಡು ಕೊಟ್ಟಿಗೆಗೆ ನಡಿ," ಅಂದನಂತೆ.

ಅವತ್ತು ಅವಳು ತೀರ್ಮಾನ ಮಾಡಿದ್ದು ಇದು: ಈ ನಾಣ್ಯ ಖರ್ಚು ಮಾಡುವುದಿಲ್ಲ. ಮುಂದಿನ ಹಬ್ಬಕ್ಕೂ ಸಂಚಕಾರ ಅಂದರೆ ಮೇರಿಯಮ್ಮನ ತಾಲರೇ ಆಗಬೇಕು, ಇಲ್ಲದಿದ್ದರೆ ಕೆಲಸಕ್ಕೆ ಒಪ್ಪುವುದಿಲ್ಲ. ವೀಸರ್ ಬೈದ, ಕೂಗಾಡಿದ, ಆದರೂ ಪ್ರತಿ ವರ್ಷ ಹುಡುಕಿ ತಂದು ಕೊಟ್ಟ. ಅಷ್ಟು ಚೆನ್ನಾಗಿ ಹಾಲು ಕರೆಯುವ ಕೈ ಅವನಿಗೆ ಇನ್ನೆಲ್ಲಿ ಸಿಗಬೇಕು? ಬುರ್ಗಿ ಪೇಟೆಯ ಬೆಳ್ಳಿ ಕೆಲಸದವನ ಹತ್ತಿರ ಒಂದೊಂದಕ್ಕೂ ಕೊಂಡಿ ಬೆಸೆಸಿದಳು. ಒಂದು ದಿನ ಸಣ್ಣದೊಂದು ಬೆಳ್ಳಿ ಸರಪಣಿಯನ್ನೂ ಕೊಂಡಳು. ಭಾನುವಾರ ಬಿಗಿ ರವಿಕೆಯ ಮೇಲೆ ಆ ಸರಪಣಿಯನ್ನು ಅಡ್ಡಡ್ಡ ಬಿಗಿದು, ತಾಲರುಗಳನ್ನು ನೇತುಹಾಕಿಕೊಂಡು, ಗಲಗಲ ಅನ್ನಿಸುತ್ತ ಚರ್ಚಿಗೆ ಬಂದಳು.

ಊರು ಹೊತ್ತಿ ಉರಿಯಿತು. ಬೆಳ್ಳಿ ಸರಪಣಿ ಹಾಕುವವರು ಹೊಲಮನೆಯ ಯಜಮಾನ್ತಿಯರು. ಕೆಲಸದವಳ ರವಿಕೆಗೆ ಕಪ್ಪು ದಾರ. ಹಾಗಂತ ಯಾವ ಕಾನೂನಿನಲ್ಲೂ ಇಲ್ಲ, ಆದರೂ ಹಾಗೇ. ಪಾದ್ರಿಗಳು ಬುರ್ಗಿಯನ್ನು ಕರೆದು ಬುದ್ಧಿ ಹೇಳಿದರು.

"ಪಾದ್ರಿಗಳೇ, ಮೇರಿಯಮ್ಮನ್ನ ಎದೆ ಮೇಲೆ ಇಟ್ಕೊಳ್ಳೋದು ಪಾಪ ಅಂತ ನಾಳೆ ಪ್ರಸಂಗದಲ್ಲಿ ಎಲ್ಲರೆದುರು ಹೇಳಿಬಿಡಿ. ಆ ಕ್ಷಣವೇ ತೆಗೆದುಬಿಡ್ತೀನಿ."

ಪಾದ್ರಿಗಳು ಹೇಳಲಿಲ್ಲ. ಹೇಗೆ ತಾನೇ ಹೇಳುತ್ತಾರೆ? ಯಜಮಾನ್ತಿಯರು ಮೂಗು ಮುರಿದರು. ಬುರ್ಗಿ ಕ್ಯಾರೇ ಅನ್ನಲಿಲ್ಲ. ಭಾನುವಾರ ಚರ್ಚಿನ ಹಿಂಬದಿಯಲ್ಲಿ, ನಮ್ಮ ಸೆಗಣಿ ವಾಸನೆಯ ಸಾಲಿನಲ್ಲಿ, ಅವಳು ಮಂಡಿಯೂರುವಾಗ ಆ ಬೆಳ್ಳಿಯ ಸದ್ದು ಮುಂದಿನ ಬೆಂಚಿನವರೆಗೂ ಕೇಳುತ್ತಿತ್ತು. ನನಗೆ ಆ ಸದ್ದು ಕೇಳಿದರೆ ಖುಷಿ. ಇಡೀ ವಾರ ಬೈಸಿಕೊಂಡದ್ದಕ್ಕೆಲ್ಲ ಅದೊಂದು ಉತ್ತರದಂತೆ ಇರುತ್ತಿತ್ತು.

ಹೀಗೆ ಆಫ್ರಾ ದೊಡ್ಡವಳಾದಳು. ಅಷ್ಟರಲ್ಲಿ ಬರ್ಲಿನ್ನಿನ ಕಡೆಯವರ ಸಾಮ್ರಾಜ್ಯ ಬಂತು, ನಮ್ಮ ಗುಲ್ಡನ್ ಹೋಗಿ ಮಾರ್ಕ್ ಬಂತು. ಹೊಸ ನಾಣ್ಯದಲ್ಲಿ ಅರಸನ ತಲೆ ಉಳಿಯಿತು, ಮೇರಿಯಮ್ಮ ಕೂತಿದ್ದ ಜಾಗದಲ್ಲಿ ಹದ್ದು ಬಂದು ಕೂತಿತು. ಹಳೆಯ ಬೆಳ್ಳಿ ನಾಳೆ ನಡೆಯುವುದಿಲ್ಲ, ನಾಡಿದ್ದು ನಡೆಯುವುದಿಲ್ಲ ಅಂತ ಯಾರೋ ಹುಯಿಲೆಬ್ಬಿಸಿದರು. ತಾಲರ್ ಇನ್ನೂ ಚಲಾವಣೆಯಲ್ಲಿತ್ತು, ಆದರೂ ಎಲ್ಲರೂ ಪೆಟ್ಟಿಗೆಯ ತಳ ಕೆರೆದು ಕೊಟ್ಟು ಹದ್ದು ತಂದುಕೊಂಡರು. ವೀಸರ್ ಬುರ್ಗಿಗೂ ಹೇಳಿದ. ಅವಳು, "ಹದ್ದು ಕೋಳಿಮರಿ ಎತ್ಕೊಂಡು ಹೋಗೋ ಪ್ರಾಣಿ, ಎದೆ ಮೇಲೆ ಯಾಕೆ ಇಟ್ಕೊಳ್ಳಲಿ?" ಅಂದಳು.

ಆಗಲೇ ಲೆಖ್ನರ್ ಮನೆಯ ಮಗ ಕೊರ್ಬಿನಿಯನ್‌ಗೂ ಆಫ್ರಾಗೂ ಮನಸ್ಸು ಕೂಡಿತು. ಲೆಖ್ನರ್ ಅಂದರೆ ಊರಿನ ದೊಡ್ಡ ಹೊಲಮನೆ. ತಂದೆ ಸತ್ತಿದ್ದ, ಎಲ್ಲವೂ ತಾಯಿ ಜೆನ್ಜಿಯ ಕೈಯಲ್ಲಿ. ಕೊರ್ಬಿನಿಯನ್ ಒಳ್ಳೆಯ ಹುಡುಗ, ಆದರೆ ತಾಯಿಯ ಎದುರು ಅವನ ನಾಲಿಗೆ ಒಣಗುತ್ತಿತ್ತು. ಚಳಿ ಶುರುವಾಗುವ ಹೊತ್ತಿಗೆ ಆಫ್ರಾಗೆ ಮುಟ್ಟು ನಿಂತಿತು.

ಅವತ್ತು ಬುರ್ಗಿ ಹಸುವಿನ ಪಕ್ಕದಲ್ಲಿ ಕೂತಿದ್ದವಳು ಹಾಲಿನ ಬಕೆಟ್ಟು ಪಕ್ಕಕ್ಕಿಟ್ಟು ಅಳುತ್ತ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಉರ್ಸಿ, ಇವಳೂ ಕೂಸು ಕಟ್ಕೊಂಡು ಮನೆಮನೆ ಬಾಗಿಲು ತಟ್ಟಬೇಕಾ? ಆ ಕೂಸೂ ಯಾರದೋ ಹಂದಿ ಕೊಟ್ಟಿಗೇಲಿ ಬೆಳೀಬೇಕಾ? ಇಲ್ಲ ಕಣೇ. ಇದೊಂದು ಆಗಕ್ಕೆ ಬಿಡಲ್ಲ," ಅಂದಳು.

ಕೊರ್ಬಿನಿಯನ್ ಜೀವನದಲ್ಲಿ ಒಂದು ಸಲ ಗಟ್ಟಿಯಾಗಿ ನಿಂತ. ಆಫ್ರಾ ಇಲ್ಲದಿದ್ದರೆ ಸೈನ್ಯ ಸೇರುತ್ತೇನೆ ಅಂದ. ಜೆನ್ಜಿಗೆ ಬೇರೆ ಮಕ್ಕಳಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು. ಆದರೆ ಭಾನುವಾರ ಪೂಜೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ, ಪಾದ್ರಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ನೋಡು ಬುರ್ಗಿ. ನಿನ್ ಮಗಳನ್ನ ತಂದ್ಕೋತೀನಿ, ನನ್ ಹಣೆಬರಹ. ಆದ್ರೆ ನನ್ನ ಮಗನ ಮದುವೇಲಿ ಕೆಲಸದವಳೊಬ್ಬಳು ನನ್ನ ಪಕ್ಕದಲ್ಲಿ ನನ್ ಥರಾನೇ ಬೆಳ್ಳಿ ಹಾಕ್ಕೊಂಡು ನಿಲ್ಲೋದು ಆಗಲ್ಲ. ಅವತ್ತು ನಿನ್ನ ಎದೆ ಮೇಲೆ ಒಂದೇ ಒಂದು ತಾಲರ್ ಕಂಡ್ರೂ ಬಾಗಿಲಿಂದಲೇ ಮಗನ್ನ ವಾಪಸ್ ಕರ್ಕೊಂಡು ಹೋಗ್ತೀನಿ. ಹೊಲ ಅವನ ಹೆಸರಿಗೆ ಬರಕೊಡಲ್ಲ. ಪಾದ್ರಿಗಳೇ ಸಾಕ್ಷಿ."

ಬುರ್ಗಿಯ ಮುಖ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದಳು. ಆಫ್ರಾ ಪಕ್ಕದಲ್ಲೇ ನಿಂತು ಹೊಟ್ಟೆಯ ಮೇಲೆ ಶಾಲು ಎಳೆದುಕೊಳ್ಳುತ್ತಿದ್ದಳು. ಬುರ್ಗಿ ಅದನ್ನು ನೋಡಿದಳು, ಬಾಯಿ ಮುಚ್ಚಿದಳು.

"ಆಯ್ತು ಯಜಮಾನ್ತಿ. ನನ್ನೆದೆ ಮೇಲೆ ಒಂದೂ ಇರಲ್ಲ. ಪಾದ್ರಿಗಳೇ ಸಾಕ್ಷಿ," ಅಂದಳು.

ಜೆನ್ಜಿ ಗೆದ್ದೆ ಅಂದುಕೊಂಡು ಹೋದಳು. "ಅಷ್ಟು ವರ್ಷ ಪಾದ್ರಿಗಳಿಗೇ ಜಗ್ಗದವಳು, ಈ ಹೆಂಗಸಿಗೆ ತಲೆ ಬಾಗಿಸಿಬಿಟ್ಟೆಯಲ್ಲೇ!" ಅಂತ ನಾನು ದಾರಿಯುದ್ದಕ್ಕೂ ಬುರ್ಗಿಯನ್ನು ಬೈದೆ. ಆಫ್ರಾ ಕೂಡ, "ಬೇಡಮ್ಮಾ, ನನಗೋಸ್ಕರ ತೆಗೀಬೇಡ," ಅಂದಳು. ಬುರ್ಗಿ ಮನೆಗೆ ಬಂದು ಸರಪಣಿ ಬಿಚ್ಚಿ, ತಾಲರುಗಳನ್ನು ಮಡಿಲಿಗೆ ಸುರಿದುಕೊಂಡು, ಅಗಸೆ ಬಟ್ಟೆಯಿಂದ ಒಂದೊಂದನ್ನೇ ಉಜ್ಜತೊಡಗಿದಳು. ಆಮೇಲೆ, "ಉರ್ಸಿ, ನಿನ್ನ ಹತ್ರ ಕಪ್ಪು ದಾರ ಎಷ್ಟಿದೆ?" ಅಂದಳು.

ಮದುವೆ ಗೊತ್ತಾಗಿದ್ದು ಜನವರಿಯ ಕೊನೆಗೆ, ಹಬ್ಬಕ್ಕೆ ಒಂದು ವಾರ ಇರುವಾಗ. ಅವತ್ತು ಹಿಮ ಗಟ್ಟಿಯಾಗಿ ಬಿದ್ದಿತ್ತು. ಜೆನ್ಜಿ ಚರ್ಚಿನ ಬಾಗಿಲಲ್ಲಿ ಎದೆ ತುಂಬ ಬೆಳ್ಳಿ ಹಾಕಿಕೊಂಡು ನಿಂತಿದ್ದಳು. ಬುರ್ಗಿ ಮಗಳ ಕೈ ಹಿಡಿದು ಬಂದಳು. ರವಿಕೆಯ ಮೇಲೆ ಕಪ್ಪು ದಾರ, ಅಷ್ಟೇ. ಜೆನ್ಜಿಯ ಮುಖ ಅರಳಿತು.

ಆಮೇಲೆ ನಾವು ಬಂದೆವು.

ಸುತ್ತಲಿನ ಎಲ್ಲ ಹೊಲಮನೆಗಳ ಕೆಲಸದವರು, ಹಾಲು ಕರೆಯುವವರು, ಹಂದಿಗೆ ಹಾಕುವವರು, ಅಡಿಗೆಯವರು. ಒಬ್ಬೊಬ್ಬಳ ರವಿಕೆಯ ಮೇಲೆ ಕಪ್ಪು ದಾರದಲ್ಲಿ ಬುರ್ಗಿಯ ಒಂದೊಂದು ತಾಲರ್, ಮೇರಿಯಮ್ಮನ ಮುಖ ಹೊರಗೆ. ಹಿಮದ ಬೆಳಕಿಗೆ ಫಳಫಳ ಅನ್ನುತ್ತಿದ್ದವು. ಅಷ್ಟು ನೆಟ್ಟಗೆ ನಾನು ಯಾವತ್ತೂ ನಡೆದಿರಲಿಲ್ಲ. ವೀಸರ್ ಮನೆಯ ಯಜಮಾನ್ತಿ ಪಕ್ಕದಿಂದ, "ತೆಗೀಯೇ ಅದನ್ನ!" ಅಂತ ಪಿಸುಗುಟ್ಟಿದಳು. "ಮೇರಿಯಮ್ಮನ್ನ ನೀವೇ ಕೇಳಿ ನೋಡಿ, ಇಳೀತಾಳಾ ಅಂತ," ಅಂದೆ.

"ಇದು ಮೋಸ!" ಅಂತ ಜೆನ್ಜಿ ಕಿರುಚಿದಳು.

ಬುರ್ಗಿ ಶಾಲು ಸರಿಸಿ ನಿಂತಳು. "ನೋಡಿ. ನನ್ನೆದೆ ಮೇಲೆ ಏನೂ ಇಲ್ಲ. ನಾನು ಕೊಟ್ಟ ಮಾತು ಅಷ್ಟೇ. ಅಲ್ವಾ ಪಾದ್ರಿಗಳೇ?"

ಪಾದ್ರಿಗಳು ಆಕಾಶ ನೋಡಿದರು. "ಅಷ್ಟೇ," ಅಂದರು.

"ಹಾಗಾದ್ರೆ ಇವರನ್ನ ಓಡಿಸಿ! ಎಲ್ಲರನ್ನೂ!"

ಜೆನ್ಜಿಯ ಮನೆಯಲ್ಲೇ ಹಾಲು ಕರೆಯುತ್ತಿದ್ದ ಟೇಕ್ಲಾ ಮುಂದೆ ಬಂದಳು. ಆ ಹುಡುಗಿ ಅಷ್ಟು ದಿನ ಬಾಯಿ ಬಿಟ್ಟವಳಲ್ಲ. "ಓಡಿಸಿ ಯಜಮಾನ್ತಿ. ಮುಂದಿನ ವಾರ ಹಬ್ಬ. ಆಮೇಲೆ ನಿಮ್ಮ ಹಸುಗಳ ಹಾಲು ಯಾರು ಕರೀತಾರೋ ನೋಡೋಣ," ಅಂದಳು.

ಜೆನ್ಜಿ ಅವಳ ಕೆನ್ನೆಗೆ ಫಟಾರನೆ ಬಾರಿಸಿದಳು. ಟೇಕ್ಲಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ತಾಲರನ್ನು ಮುಚ್ಚಿಕೊಳ್ಳಲೂ ಇಲ್ಲ, ಹಾಗೇ ನಿಂತಳು. ಉಳಿದ ಯಜಮಾನ್ತಿಯರು ತಮ್ಮತಮ್ಮ ಕೆಲಸದವರ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಖಾಲಿ ಕೊಟ್ಟಿಗೆ ಎಲ್ಲರ ಕಣ್ಣ ಮುಂದೆ ಬಂದಿರಬೇಕು. ಕೊನೆಗೆ ವೀಸರ್ ಮನೆಯವಳೇ ಜೆನ್ಜಿಯ ತೋಳು ಹಿಡಿದು, "ಬಿಡಿ, ಒಳಗೆ ನಡೀರಿ, ಚಳಿ," ಅಂದಳು. ಕೊರ್ಬಿನಿಯನ್ ತಾಯಿಗಾಗಿ ಕಾಯದೆ ಆಫ್ರಾಳ ಕೈ ಹಿಡಿದು ಒಳಗೆ ಹೋಗಿಬಿಟ್ಟ. ಗಂಟೆ ಹೊಡೆಯಿತು, ಮದುವೆಯಾಯಿತು.

ಮರುದಿನ ನಾವೆಲ್ಲ ತಾಲರ್ ವಾಪಸು ಕೊಡಲು ಹೋದೆವು. ಬುರ್ಗಿ ತೆಗೆದುಕೊಳ್ಳಲಿಲ್ಲ. "ಹಬ್ಬದ ದಿನ ನಿಮ್ಮ ಯಜಮಾನರು ಸಂಚಕಾರ ಕೊಡೋವಾಗ ಹದ್ದು ಮುಟ್ಟಬೇಡಿ. ಮೇರಿಯಮ್ಮನೇ ಬೇಕು ಅನ್ನಿ. ನಿಮ್ದು ಅಂತ ಒಂದು ಬಂದ ಮೇಲೆ ನಂದು ತಂದ್ಕೊಡಿ, ಸಾಕು," ಅಂದಳು.

ಆ ಹಬ್ಬದಲ್ಲಿ ಹೋಯೆನ್‌ರೈಟಿನ ಯಜಮಾನರು ಪಟ್ಟ ಪಾಡು ದೇವರಿಗೇ ಪ್ರೀತಿ. ಎಲ್ಲರೂ ಹಳೆಯ ಬೆಳ್ಳಿ ಕೊಟ್ಟು ಹದ್ದು ತಂದಿಟ್ಟುಕೊಂಡಿದ್ದರಲ್ಲ, ಈಗ ಪೇಟೆಗೆ ಓಡಿ ಹಲ್ಲು ಗಿಂಜಿ ತಾಲರ್ ಹುಡುಕಿದರು. ಟೇಕ್ಲಾ ಲೆಖ್ನರ್ ಮನೆ ಬಿಟ್ಟು ಪಕ್ಕದ ಊರಿಗೆ ಹೋದಳು. ಕೆನ್ನೆಗೆ ಹೊಡೆಯುವ ಮನೆಗೆ ಬೇರೆ ಯಾರೂ ಬರಲು ಸಿದ್ಧರಿರಲಿಲ್ಲ. ನಾನು ಹೋದೆ. ಬಸುರಿ ಆಫ್ರಾ ಆ ಮನೆಯಲ್ಲಿ ಒಬ್ಬಳೇ ಇದ್ದಳು, ಅದಕ್ಕೆ.

ಜೆನ್ಜಿ ಅಡಿಗೆಮನೆಯ ಮೇಜಿಗೆ ಕೂತಿದ್ದಳು. ಬುರ್ಗಿ ಮಗಳನ್ನು ನೋಡಲು ಬಂದವಳು ಒಲೆಯ ಪಕ್ಕ ಕಾಫಿ ಕುಡಿಯುತ್ತಿದ್ದಳು, ಅಡಿಗೆಯವಳ ಸ್ಟೂಲಿನ ಮೇಲಲ್ಲ, ಮನೆಯವರ ಕುರ್ಚಿಯಲ್ಲಿ. ಕಪ್ಪು ದಾರದ ರವಿಕೆಯಲ್ಲೇ ಇದ್ದಳು.

ಜೆನ್ಜಿ ಒಂದು ಹೊಸ ಐದು ಮಾರ್ಕಿನ ನಾಣ್ಯ ಮುಂದೆ ತಳ್ಳಿದಳು. ತಾಲರಿಗಿಂತ ಜಾಸ್ತಿ ಬೆಲೆಯದು. ನಾನು ಕೈ ಹಿಂದೆ ಕಟ್ಟಿಕೊಂಡೆ.

"ಏನೇ, ಇದು ಸಾಲದಾ?"

"ಇದರಲ್ಲಿ ಮೇರಿಯಮ್ಮ ಇಲ್ಲ, ಯಜಮಾನ್ತಿ."

"ಎಲ್ಲಿಂದ ತರ್ಲಿ? ಊರಲ್ಲಿ ಒಂದೂ ಉಳಿದಿಲ್ಲ!"

ನಾನು ಅವಳ ಎದೆಯನ್ನು ನೋಡಿದೆ, ಅಷ್ಟೇ. ಹಬ್ಬದ ದಿನವಲ್ಲವೇ, ಲೆಖ್ನರ್ ಮನೆಯ ಅತ್ತೆಯ ಅತ್ತೆಯಿಂದ ಬಂದ ಬೆಳ್ಳಿಯೆಲ್ಲ ಅಲ್ಲೇ ಇತ್ತು. ಕೊಟ್ಟಿಗೆಯಲ್ಲಿ ಹಾಲು ತುಂಬಿದ ಹಸುಗಳು ಒಂದೇ ಸಮ ಕೂಗುತ್ತಿದ್ದವು. ಜೆನ್ಜಿ ಕೊನೆಗೆ ತಲೆ ತಗ್ಗಿಸಿ, ಸರಪಣಿಯಿಂದ ಒಂದು ಮೇರಿಯಮ್ಮನ ತಾಲರನ್ನು ಬಿಡಿಸಿಕೊಂಡಳು. ಅದರ ತಲೆಯ ಮೇಲಿನ ಬೆಳ್ಳಿ ಕೊಂಡಿಯನ್ನು ಮುರಿದು ಬರಿಯ ನಾಣ್ಯ ಕೊಡಲು ಇಕ್ಕಳಕ್ಕೆ ಕೈ ಹಾಕಿದಳು.

ಬುರ್ಗಿ ಕಾಫಿ ಬಟ್ಟಲು ಕೆಳಗಿಟ್ಟಳು. ಅಷ್ಟು ವರ್ಷ ಯಜಮಾನ್ತಿ ಅನ್ನುತ್ತಿದ್ದವಳು ಅವತ್ತು ಹಾಗೆ ಕರೆಯಲಿಲ್ಲ.

"ಕೊಂಡಿ ಕೀಳಬೇಡಿ ಬೀಗಿತ್ತಿ, ಹಾಗೇ ಕೊಡಿ. ಭಾನುವಾರ ಉರ್ಸಿಗೆ ಅದು ಬೇಕಾಗತ್ತೆ."