ಅಪ್ಪನ ನೀರಿನ ಬಾಟಲಿ

ಮದುವೆಯಾದ ಮೇಲೂ ಅಪ್ಪ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ ಎಂದು ಕಂಡವರ ಹತ್ತಿರವೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು ನಾನು. ಲಿಂಗಾಯತರ ಮನೆಯ ಹುಡುಗಿ, ಕೆಸರೆಯ ಬೌದ್ಧರ ಮನೆಯ ಹುಡುಗನನ್ನು ಇಷ್ಟಪಟ್ಟು ಮದುವೆಯಾದೆ. ಕೊರಳಲ್ಲಿದ್ದ ಲಿಂಗವನ್ನು ನಾನಾಗಿಯೇ ತೆಗೆದು ಅಮ್ಮನ ಕೈಗೆ ಕೊಟ್ಟೆ. ಅಪ್ಪ ಕೂಗಾಡಲಿಲ್ಲ. ಪ್ರತಿ ಭಾನುವಾರ ವಿದ್ಯಾರಣ್ಯಪುರಂನಿಂದ ಸ್ಕೂಟರಿನಲ್ಲಿ ಕುವೆಂಪುನಗರಕ್ಕೆ ಬರುತ್ತಿದ್ದರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದರು, ಬಾಯಾರಿದರೆ ಚೀಲದಿಂದ ತಮ್ಮ ಸ್ಟೀಲ್ ಬಾಟಲಿ ತೆಗೆದು ಕುಡಿಯುತ್ತಿದ್ದರು. ಲಿಂಗ ಕಟ್ಟದವರ ಮನೆಯಲ್ಲಿ ಅವರು ಹನಿ ನೀರನ್ನೂ ಮುಟ್ಟುವವರಲ್ಲ. ಹೋಟೆಲಿನಲ್ಲಿ ಮಾತ್ರ ಕಾಫಿ ಕುಡಿಯುತ್ತಿದ್ದರು. ಅಲ್ಲಿ ಲೋಟ ತೊಳೆದವರು ಯಾರೆಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಮನುಷ್ಯರಲ್ಲಿ ಮೇಲುಕೀಳಿಲ್ಲ ಎನ್ನುವ ವಚನಗಳನ್ನು ಕಣ್ಣು ತುಂಬಿಕೊಂಡು ಹಾಡುತ್ತಿದ್ದವರೂ ಅವರೇ.

ಎಲ್ಲವನ್ನೂ ನುಂಗಿಕೊಂಡೆ. ನನಗೆ ನಾನು ಹಿಡಿದ ದಾರಿಯೂ ಬೇಕಿತ್ತು, ಅಪ್ಪನೂ ಬೇಕಿತ್ತು.

ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಕೆಸರೆಗೆ ಹೋಗಿದ್ದೆ. ಅತ್ತೆ ಮಡಕೆಯಿಂದ ನೀರು ತುಂಬಿ ಅವಳ ಮುಂದೆ ಲೋಟ ಹಿಡಿದರು. ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ ಅಜ್ಜಿ. ನಂದೇ ಬಾಟ್ಲಿ ಇದೆ. ತಾತಾನೂ ಬೇರೆಯವ್ರ ಮನೇಲಿ ನೀರು ಕುಡಿಯಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಗುವಿಗೆ ಹೊಡೆಯಲು ಕೈ ಎತ್ತಿದೆ. ಅತ್ತೆ ತಡೆದರು.

"ಮಗೀಗ್ಯಾಕವ್ವ ಒಡೀತೀಯ, ಬುಡು. ನಂಗೇನ್ ಇದು ಒಸದಾ? ನಮ್ಮ ಮಗೀನ್ ಬಾಯಲ್ಲೇ ಕೇಳ್ತೀನಿ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."

ಲೋಟದ ನೀರನ್ನು ತಾವೇ ಕುಡಿದು ಒಳಗೆ ಹೋದರು.

ಮುಂದಿನ ಭಾನುವಾರ ಅಪ್ಪ ಬಂದು ಕೂತ ಕೂಡಲೇ ನೀರಿನ ಲೋಟ ಮುಂದಿಟ್ಟೆ. ಕೆಸರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಲೋಟದ ಕಡೆ ನೋಡಲೂ ಇಲ್ಲ.

"ಈ ವಯಸ್ಸಲ್ಲಿ ಆಚಾರ ಬಿಡೋಕಾಗಲ್ಲ ಕಣಮ್ಮ. ನಿನ್ನ ದಾರಿ ನೀನು ನೋಡ್ಕೊಂಡೆ, ನಾನು ಬೇಡ ಅಂದ್ನಾ?"

"ನನ್ನ ಮಗಳು ನಿಮ್ಮನ್ನ ನೋಡಿ ಕಲೀತಿದ್ದಾಳೆ ಅಪ್ಪ. ಬಾಟ್ಲಿ ತರೋದಾದ್ರೆ ಬರಬೇಡಿ."

ಬಾಯಿಂದ ಬಂದೇಬಿಟ್ಟಿತು. ಅಪ್ಪ ಮೊಮ್ಮಗಳ ತಲೆ ಸವರಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಆಮೇಲೆ ಬರಲೇ ಇಲ್ಲ. ನನಗೆ ಅವರ ಮೇಲಿನ ಸಿಟ್ಟೂ ಇಳಿದಿಲ್ಲ, ಭಾನುವಾರ ಬೀದಿಯಲ್ಲಿ ಸ್ಕೂಟರಿನ ಸದ್ದಾದರೆ ಬಾಗಿಲಿಗೆ ಓಡುವುದೂ ತಪ್ಪಿಲ್ಲ.

ಮೊನ್ನೆ ಮಗಳು ಕೇಳಿದಳು, "ಅಮ್ಮ, ನೀನು ನೀರು ಕೊಟ್ಟಿದ್ದಕ್ಕೇನಾ ತಾತ ಬರ್ತಿಲ್ಲ?"

ಹೌದು ಎಂದೆ.